ಸ್ಟುಡಿಯೋದ ಕೋಟು ತೊಟ್ಟವರು

ಪ್ರಿಯ ಓದುಗರೇ,

ಕಳೆದ ಸಂಚಿಕೆಯಲ್ಲಿ ಬಂದ, ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಫೋಟೊಗ್ರಾಫರ್ ಸೇಯ್ದು ಕೇತಾ ಅವರ ಚಿತ್ರಗಳನ್ನು ನೋಡಿ ನೀವು ಕೇಳಿದ್ದೀರಿ: ‘ಗಿರಾಕಿಗೆ ಸ್ಟುಡಿಯೋದ ಕೋಟು ತೊಡಿಸಿ, ವಾಚು ಕಟ್ಟಿ ತೆಗೆದ ಫೋಟೊ ಸುಳ್ಳಲ್ಲವೇ? ಕಾಸಿಗೆ ಫೋಟೊ ಹೊಡೆದವರು ಕಲಾವಿದರು ಹೇಗಾದರು?’

ನನ್ನ ಮಟ್ಟಿಗೆ ಅವು ಸುಳ್ಳಲ್ಲ. ಕೇತಾ 1948ರಲ್ಲಿ ಬಮಾಕೊ ನಗರದ ಜೈಲಿನ ಹತ್ತಿರ ಸ್ಟುಡಿಯೋ ತೆರೆದಾಗ ಊರು ಫ್ರೆಂಚರ ಕೈಯಲ್ಲಿತ್ತು. ಹೊರಗಿನವರು ಪೋಸ್ಟ್‌ಕಾರ್ಡಿಗೆಂದು ಆಫ್ರಿಕನ್ನರನ್ನು ಹೆಸರೂ ಕೇಳದೆ ನಿಲ್ಲಿಸಿ ಚಿತ್ರ ತೆಗೆದ ಕಾಲ ಅದು. ಕೇತಾ ಅವರ ಬಳಿ ಮಾತ್ರ ಜನ ತಾವೇ ಬಂದರು, ತಾವೇ ದುಡ್ಡು ಕೊಟ್ಟರು, ಹೇಗೆ ಕಾಣಬೇಕೆಂದು ತಾವೇ ಹೇಳಿದರು. ಕೋಟು, ಟೈ, ಪೆನ್ನು, ರೇಡಿಯೋ, ಪ್ಲಾಸ್ಟಿಕ್ ಹೂವು ಎಲ್ಲ ಅಲ್ಲೇ ಸಿಗುತ್ತಿದ್ದವು. ಕೋಟು ಸ್ಟುಡಿಯೋದ್ದಿರಬಹುದು, ಅದನ್ನು ತೊಟ್ಟು ನಿಲ್ಲುವ ಆಸೆ ಅವರದೇ.

ಇನ್ನು ಕಲೆಯ ಮಾತು. ಶಾಲೆಯ ಮೆಟ್ಟಿಲು ಹತ್ತದ, ಮರಗೆಲಸ ಕಲಿತಿದ್ದ ಈ ಹುಡುಗನಿಗೆ 1935ರಲ್ಲಿ ಸೆನೆಗಲ್‌ನಿಂದ ಕೊಡಾಕ್ ಕ್ಯಾಮೆರಾ ತಂದುಕೊಟ್ಟದ್ದು ಅವರ ಚಿಕ್ಕಪ್ಪ. ಮುಂದೆ ಕೆಲಸವೆಲ್ಲ 13×18 ಸೆಂ.ಮೀ. ನೆಗೆಟಿವ್‌ನ ದೊಡ್ಡ ಕ್ಯಾಮೆರಾದಲ್ಲಿ, ಹೆಚ್ಚಾಗಿ ಅಂಗಳದ ಹಗಲು ಬೆಳಕಿನಲ್ಲಿ ನಡೆಯಿತು. ಫಿಲ್ಮ್ ದುಬಾರಿ, ಹಾಗಾಗಿ ಸಾಮಾನ್ಯವಾಗಿ ಒಬ್ಬರಿಗೆ ಒಂದೇ ಕ್ಲಿಕ್. ಮೈ ಕೊಂಚ ಓರೆ ಮಾಡಿಸುವುದು, ಕೈ ಎಲ್ಲಿಡಬೇಕೆಂದು ತೋರಿಸುವುದು ಎಲ್ಲ ಅದಕ್ಕೆ ಮೊದಲೇ ಮುಗಿಯಬೇಕು. ಹಿಂದಿನ ಪರದೆಗೆ ಮೊದಲು ಕಟ್ಟಿದ್ದು ತಮ್ಮದೇ ಹಾಸಿಗೆಯ ಕುಚ್ಚಿನ ಹೊದಿಕೆ. ಎರಡು ಮೂರು ವರ್ಷಕ್ಕೊಮ್ಮೆ ಪರದೆ ಬದಲಾಗುತ್ತಿತ್ತು. ಯಾವ ಫೋಟೊ ಯಾವ ಕಾಲದ್ದೆಂದು ಅದರಿಂದಲೇ ಗುರುತಿಸುತ್ತಿದ್ದರು. ಹೂಬಳ್ಳಿಯ ಪರದೆಯ ಮುಂದೆ ಚೌಕಳಿ ನಿಲುವಂಗಿಯ ಹೆಂಗಸು ಕೂತ ಚಿತ್ರವನ್ನು ಇನ್ನೊಮ್ಮೆ ನೋಡಿ. ಅಷ್ಟು ಗಿಜಿಗುಡುವ ವಿನ್ಯಾಸದ ನಡುವೆಯೂ ಕಣ್ಣು ಮೊದಲು ಹೋಗುವುದು ಮುಖಕ್ಕೆ. ದುಡ್ಡು ಪಡೆದರೆಂದು ಆ ಕೈಚಳಕ ಕಡಿಮೆಯಾಗುತ್ತದೆಯೇ?

1960ರಲ್ಲಿ ಸ್ವಾತಂತ್ರ್ಯ ಬಂತು. ಬಳಿಕ ಕೇತಾ ಸರ್ಕಾರಿ ಫೋಟೊಗ್ರಾಫರ್ ಆದರು, ಸ್ಟುಡಿಯೋ ಮುಚ್ಚಿತು. ನೆಗೆಟಿವ್‌ಗಳನ್ನು ಮಾತ್ರ ಸಾವಿರಾರು ಸಂಖ್ಯೆಯಲ್ಲಿ ಜೋಪಾನ ಮಾಡಿದ್ದರು.

ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. 1991ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ಇವರ ಚಿತ್ರಗಳು ‘ಅನಾಮಧೇಯ’ರ ಕೃತಿಗಳಾಗಿ ತೂಗಿದ್ದವು. ಅದನ್ನು ಕಂಡ ಕಲಾ ಸಂಗ್ರಾಹಕರೊಬ್ಬರ ಕಡೆಯಿಂದ ಆಂದ್ರೆ ಮಾನ್ಯಾ ಎಂಬ ಫ್ರೆಂಚ್ ಕಲಾತಜ್ಞ ಬಮಾಕೊಗೆ ಹುಡುಕಿಕೊಂಡು ಹೋದರು. ಅಲ್ಲಿನ ಇನ್ನೊಬ್ಬ ದೊಡ್ಡ ಫೋಟೊಗ್ರಾಫರ್ ಮಾಲಿಕ್ ಸಿದಿಬೆ, ಮಾನ್ಯಾ ಅವರನ್ನು ನೇರ ಕೇತಾ ಮನೆಗೇ ಕರೆದೊಯ್ದರು. ಊರಲ್ಲಿ ಕೇತಾ ಅನಾಮಧೇಯರಾಗಿರಲೇ ಇಲ್ಲ! 1994ರಲ್ಲಿ ಪ್ಯಾರಿಸ್‌ನಲ್ಲಿ ಅವರದೇ ಹೆಸರಿನಲ್ಲಿ ಪ್ರದರ್ಶನ ನಡೆಯಿತು. 2001ರಲ್ಲಿ ಕೇತಾ ಅದೇ ಪ್ಯಾರಿಸ್‌ನಲ್ಲಿ ತೀರಿಕೊಂಡರು.

ನಮ್ಮ ಪುಟಗಳಲ್ಲಿ ಒಂದೊಂದು ಚಿತ್ರದ ಕೆಳಗೂ ಅವರ ಹೆಸರು ಹಾಕಿಸಿದ್ದು ಇದಕ್ಕೇ.

— ಸಂಪಾದಕ