ತೆನೆಯಲ್ಲಿ ಕಾಳು ಯಾಕೆ ಬಿಟ್ಟುಹೋಗುತ್ತದೆ?

ಅಕ್ಕಾ, ನಿಮ್ಮ ಮೆಕ್ಕೆಜೋಳದ ಫೋಟೋ ನೋಡಿದೆ. ತೆನೆ ದಪ್ಪಗಿದೆ, ಆದರೆ ಕಾಳು ಅಲ್ಲೊಂದು ಇಲ್ಲೊಂದು. ಗೊಬ್ಬರ ಸಾಲಲಿಲ್ವಾ ಅಂತ ಕೇಳಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಹದಿನೈದು ಗಿಡವನ್ನೂ ಒಂದೇ ಸಾಲಿನಲ್ಲಿ ಹಾಕಿದ್ದೀರಲ್ಲ, ತೊಂದರೆ ಅಲ್ಲಿದೆ. ಪರಾಗವೆಲ್ಲ ಗಾಳಿಗೆ ಪಕ್ಕಕ್ಕೆ ಹೋಗಿದೆ.

ತೆನೆಯ ಒಂದೊಂದು ಕೂದಲೂ ಒಂದೊಂದು ಕಾಳಿನದು. ಅದರ ಬುಡದಲ್ಲಿ ಒಂದು ಅಂಡ ಇರುತ್ತದೆ. ಗಿಡದ ತುದಿಯ ಗಂಡು ಹೂವಿನಿಂದ ಉದುರಿದ ಪರಾಗ ಕೂದಲಿಗೆ ಅಂಟಿ ಮೊಳೆಯುತ್ತದೆ. ಅದರಿಂದ ಸಣ್ಣ ನಾಳ ಹೊರಟು ಕೂದಲಿನೊಳಗೇ ಇಳಿದು, ಸುಮಾರು ಒಂದು ದಿನದಲ್ಲಿ ಬುಡ ಮುಟ್ಟುತ್ತದೆ.

ಆ ನಾಳದಲ್ಲಿ ಬರುವುದು ಎರಡು ಗಂಡು ಲಿಂಗಾಣು. ಒಂದು ಅಂಡದ ಜೊತೆ ಬೆರೆಯುತ್ತದೆ. ಇದರಲ್ಲಿ 10 ಕ್ರೋಮೋಸೋಮ್ (ವಂಶದ ಗುಣ ಹೊರುವ ಎಳೆ), ಅದರಲ್ಲಿ 10, ಕೂಡಿ 20. ಕಾಳಿನೊಳಗಿನ ಮೊಳಕೆ ಇದೇ. ಇನ್ನೊಂದೂ ಸುಮ್ನೆ ಹೋಗುವುದಿಲ್ಲ. ಅಂಡದ ಪಕ್ಕದ ದೊಡ್ಡ ಜೀವಕೋಶದಲ್ಲಿ ತಲಾ 10 ಕ್ರೋಮೋಸೋಮಿನ ಎರಡು ಕೋಶಕೇಂದ್ರಗಳಿರುತ್ತವೆ. ಅವುಗಳ ಜೊತೆ ಸೇರಿ 30 ಆಗುತ್ತದೆ. ಕಾಳಿನ ಹಿಟ್ಟಿನ ಭಾಗ ಬೆಳೆಯುವುದು ಇದರಿಂದ. ಈ ಜೋಡಿ ಕೂಡಿಕೆಯನ್ನು 1898ರಲ್ಲಿ ರಷ್ಯಾದ ಸೆರ್ಗೆಯ್ ನವಾಶಿನ್ ಲಿಲ್ಲಿ ಜಾತಿಯ ಹೂಗಳಲ್ಲಿ ಕಂಡುಹಿಡಿದರು. ಬಿಳಿ ಮೆಕ್ಕೆಜೋಳಕ್ಕೆ ಹಳದಿ ಮೆಕ್ಕೆಜೋಳದ ಪರಾಗ ಬಿದ್ದರೆ ಅದೇ ತೆನೆಯಲ್ಲೇ ಹಳದಿ ಕಾಳು ಕಾಣುತ್ತದೆ ಅಲ್ವಾ, ಅದಕ್ಕೂ ಕಾರಣ ಹಿಟ್ಟಿನ ಭಾಗದಲ್ಲೂ ಗಂಡಿನ ಪಾಲು ಇರುವುದೇ.

ಇದನ್ನು ನೀವೇ ನೋಡಬಹುದು. ಕೂದಲಿಗೆ ಪರಾಗ ಬಿದ್ದು ನಾಲ್ಕೈದು ದಿನದ ಮೇಲೆ ಒಂದು ತೆನೆ ಕಿತ್ತು, ಕೂದಲು ಎಳೆಯದ ಹಾಗೆ ಮುಸುಕು ಬಿಡಿಸಿ, ಮೆಲ್ಲಗೆ ಅಲುಗಿಸಿ. ಕೂಡಿಕೆಯಾದ ಕಡೆ ಕೂದಲು ತಾನಾಗಿ ಉದುರುತ್ತದೆ. ಆಗದ ಕಡೆ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಮೊದಲ ಸಲ ನೋಡಿದಾಗ ನಾನು ಆ ತೆನೆ ಹಿಡಿದುಕೊಂಡು ತುಂಬಾ ಹೊತ್ತು ಅಲ್ಲೇ ಕೂತಿದ್ದೆ.

ಮುಂದಿನ ಸಲ ಒಂದು ಉದ್ದ ಸಾಲು ಬೇಡ, ನಾಲ್ಕು ಗಿಡ್ಡ ಸಾಲು ಹಾಕಿ. ಕಡಿಮೆ ಗಿಡ ಇದ್ದರೆ ಕೈಯಿಂದಲೂ ಪರಾಗ ಕೊಡಿ. ಬೆಳಗ್ಗೆ ಇಬ್ಬನಿ ಆರಿದ ಮೇಲೆ ಗಂಡು ಹೂವನ್ನು ಕಾಗದದ ಚೀಲದೊಳಗೆ ಬಗ್ಗಿಸಿ ಕೊಡವಿ. ಹಳದಿ ಪುಡಿ ಬೀಳುತ್ತದೆ. ಅದನ್ನು ಕೂಡಲೇ ಕೂದಲ ಮೇಲೆ ಉದುರಿಸಿ. ಬಿಸಿಲಿಗೆ ಪರಾಗ ಬೇಗ ಸಾಯುತ್ತದೆ. ಬುಡದ ಕಾಳಿನ ಕೂದಲು ಮೊದಲು, ತುದಿಯದು ಕೊನೆಗೆ ಹೊರಬರುತ್ತದೆ. ಹಾಗಾಗಿ ಒಂದೇ ದಿನಕ್ಕೆ ನಿಲ್ಲಿಸಬೇಡಿ, ನಾಲ್ಕೈದು ದಿನ ಮಾಡಿ. ಆ ವಾರ ನೀರು ಮಾತ್ರ ತಪ್ಪಿಸಬೇಡಿ, ಕೂದಲು ಒಣಗಿದರೆ ನಾಳ ಇಳಿಯುವುದಿಲ್ಲ.

ತಡವಾಗಿ ಹಾಕಿದ ಮೂರು ಗಿಡದಲ್ಲಿ ಕೂದಲು ಈಗಷ್ಟೇ ಬರ್ತಿದೆ ಅಂದಿರಲ್ಲ, ಅವಕ್ಕೆ ನಾಳೆ ಬೆಳಗ್ಗೆಯೇ ಶುರು ಮಾಡಿ.