ವಿಂಡೋಸ್ 11ರಲ್ಲಿ ಸ್ಯಾನ್ ಆಂಡ್ರಿಯಾಸ್ ಪದೇ ಪದೇ ಕ್ರ್ಯಾಶ್ ಆಗುತ್ತಿದ್ದರೆ ಏನು ಮಾಡಬೇಕು?

ನೀವು ಬರೆದಿರುವುದು ಇಷ್ಟು: 2005ರ ಜಿಟಿಎ ಸ್ಯಾನ್ ಆಂಡ್ರಿಯಾಸ್ ಆಟದ ಪಿಸಿ ಆವೃತ್ತಿಯನ್ನು ವಿಂಡೋಸ್ 11ಕ್ಕೆ ಹಾಕಿದ್ದೀರಿ. ಕೆಲವೊಮ್ಮೆ ತೆರೆಯುವ ಮೊದಲೇ ಮುಚ್ಚಿಹೋಗುತ್ತದೆ. ತೆರೆದರೂ ಮೌಸ್ ಕೆಲಸ ಮಾಡುವುದಿಲ್ಲ. ಆಡುವಾಗ ಮಧ್ಯದಲ್ಲೂ ಕ್ರ್ಯಾಶ್ ಆಗುತ್ತದೆ. ಹಳೆಯ ಪ್ರೋಗ್ರಾಂ ಓಡಿಸಲು ವಿಂಡೋಸ್ ಕೊಡುವ ಕಂಪ್ಯಾಟಿಬಿಲಿಟಿ ಮೋಡ್‌ನಲ್ಲಿ ಇರುವುದನ್ನೆಲ್ಲ ಟಿಕ್ ಮಾಡಿ ನೋಡಿಯಾಗಿದೆ.

ಮೊದಲು ಆ ಟಿಕ್‌ಗಳನ್ನೆಲ್ಲ ತೆಗೆಯಿರಿ. ಎಲ್ಲರೂ ಹೇಳುವ ಸಲಹೆ ಅದು, ಆದರೆ ಈ ಆಟಕ್ಕೆ ಅದರಿಂದ ಲಾಭ ಕಡಿಮೆ, ಗೊಂದಲ ಜಾಸ್ತಿ. ನೀವು ಹೇಳಿದ ಮೂರೂ ಬೇರೆ ಬೇರೆ ಕಾಯಿಲೆ, ಒಂದೇ ಮಾತ್ರೆಗೆ ಹೋಗುವಂಥವಲ್ಲ.

ಶುರುವಿನಲ್ಲೇ ಮುಚ್ಚಿಕೊಂಡರೆ ನಾನು ಮೊದಲು ಅನುಮಾನಿಸುವುದು ಸೆಟ್ಟಿಂಗ್ಸ್ ಫೈಲನ್ನು. ಡಾಕ್ಯುಮೆಂಟ್ಸ್ ಒಳಗೆ 'ಜಿಟಿಎ ಸ್ಯಾನ್ ಆಂಡ್ರಿಯಾಸ್ ಯೂಸರ್ ಫೈಲ್ಸ್' ಅನ್ನುವ ಫೋಲ್ಡರ್ ಇರುತ್ತದೆ. ಅಲ್ಲಿ ಕಾಣದಿದ್ದರೆ ಒನ್‌ಡ್ರೈವ್‌ನ ಡಾಕ್ಯುಮೆಂಟ್ಸ್‌ನಲ್ಲಿ ಹುಡುಕಿ, ವಿಂಡೋಸ್ 11 ಎಷ್ಟೋ ಸಲ ಅಲ್ಲಿಗೆ ಸಾಗಿಸಿರುತ್ತದೆ. ಅದರಲ್ಲಿರುವ 'ಜಿಟಿಎ_ಎಸ್ಎ.ಸೆಟ್' ಫೈಲನ್ನು ಅಳಿಸಿ. ಹೋಗುವುದು ನಿಮ್ಮ ಸೆಟ್ಟಿಂಗ್ಸ್ ಮಾತ್ರ, ಆಟ ಹೊಸದನ್ನು ತಾನೇ ಮಾಡಿಕೊಳ್ಳುತ್ತದೆ. ಆದರೆ ಸೇವ್ ಫೈಲ್‌ಗಳೂ ಅದೇ ಫೋಲ್ಡರ್‌ನಲ್ಲಿವೆ. ಇಡೀ ಫೋಲ್ಡರನ್ನೇ ಡಿಲೀಟ್ ಮಾಡಿಬಿಟ್ಟೀರಿ, ಜೋಕೆ.

ಮೌಸ್ ಸಮಸ್ಯೆ ಹೊಸ ವಿಂಡೋಸ್‌ಗಳಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದೇ. ಸೈಲೆಂಟ್‌ಪ್ಯಾಚ್ ಹಾಕಿ, ಅದರ ಜೊತೆಗೆ ಎಎಸ್ಐ ಲೋಡರ್ (ಇಂಥ ಪ್ಯಾಚ್ ಫೈಲನ್ನು ಆಟದೊಳಕ್ಕೆ ಸೇರಿಸುವ ಸಣ್ಣ ಫೈಲ್) ಕೂಡ ಬೇಕು. ಅಭಿಮಾನಿಯೊಬ್ಬರು ಮಾಡಿದ ಈ ಪ್ಯಾಚ್ ಹತ್ತಾರು ಹಳೆಯ ದೋಷಗಳನ್ನು ಸರಿಮಾಡುತ್ತದೆ.

ಅದು ಯಾಕೆ ಬೇಕು ಅನ್ನುವುದಕ್ಕೆ ಒಂದು ಉದಾಹರಣೆ ಹೇಳಲೇಬೇಕು. ವಿಂಡೋಸ್ 11ರ 24ಎಚ್2 ಅಪ್‌ಡೇಟ್ ಬಂದ ಮೇಲೆ ಆಟದಲ್ಲಿ ಸ್ಕಿಮ್ಮರ್ ಅನ್ನುವ ನೀರಿನ ಮೇಲೆ ಇಳಿಯುವ ವಿಮಾನ ಕಾಣೆಯಾಯಿತು. ಎಲ್ಲರೂ ಮೈಕ್ರೋಸಾಫ್ಟ್ ಮೇಲೆ ಗೂಬೆ ಕೂರಿಸುತ್ತಾರೆ ಅಲ್ವಾ? ಹುಡುಕಿದಾಗ ಸಿಕ್ಕ ತಪ್ಪು 2005ರದ್ದೇ. ವಾಹನಗಳ ಪಟ್ಟಿ ಇರುವ ಫೈಲ್‌ನಲ್ಲಿ ಆ ವಿಮಾನದ ಸಾಲಿನಲ್ಲಿ ಚಕ್ರದ ಅಳತೆಯನ್ನೇ ಬರೆದಿರಲಿಲ್ಲ. ಆಟ ಆ ಜಾಗದಲ್ಲಿ ಏನನ್ನೂ ತುಂಬದೆ, ಮೆಮೊರಿಯಲ್ಲಿ ಅದಕ್ಕೂ ಹಿಂದಿನ ವಾಹನದಿಂದ ಉಳಿದಿದ್ದ ಅಂಕಿಯನ್ನೇ ಬಳಸುತ್ತಿತ್ತು. ಸುಮಾರು ಇಪ್ಪತ್ತು ವರ್ಷ ಅದೃಷ್ಟದಿಂದ ನಡೆಯಿತು. ಹೊಸ ವಿಂಡೋಸ್ ತನ್ನ ಕೆಲಸಕ್ಕೆ ಅದೇ ಜಾಗವನ್ನು ಬಳಸಿಕೊಂಡಿತು, ಅಂಕಿ ಕೆಟ್ಟಿತು, ವಿಮಾನ ಆಕಾಶದಾಚೆ ಹೋಯಿತು! ಹಳೆಯ ಆಟಗಳಲ್ಲಿ ಇಂಥ ಲೆಕ್ಕ ತಪ್ಪಿದ ಜಾಗಗಳು ಇನ್ನೂ ಎಷ್ಟಿವೆಯೋ.

ಇನ್ನು ಆಡುವಾಗ ಮಧ್ಯದಲ್ಲಿ ಕ್ರ್ಯಾಶ್ ಆಗುವುದು. ಇದಕ್ಕೆ ಊಹೆ ಸಾಲದು. ಕ್ರ್ಯಾಶ್ ಆದ ಕೂಡಲೇ ಸ್ಟಾರ್ಟ್‌ನಲ್ಲಿ ಇವೆಂಟ್ ವ್ಯೂವರ್ ತೆರೆಯಿರಿ, ವಿಂಡೋಸ್ ಲಾಗ್ಸ್ ಒಳಗಿನ ಅಪ್ಲಿಕೇಶನ್‌ಗೆ ಹೋಗಿ. ಕೆಂಪು ಗುರುತಿನ 'ಅಪ್ಲಿಕೇಶನ್ ಎರರ್' ಸಾಲು ಸಿಗುತ್ತದೆ. ಅಲ್ಲಿ ಕೋಡ್ ಹೆಚ್ಚಾಗಿ 0ಎಕ್ಸ್‌ಸಿ0000005 ಅಂತ ಇರುತ್ತದೆ. ಪ್ರೋಗ್ರಾಂ ತನಗೆ ಸೇರದ ಮೆಮೊರಿಗೆ ಕೈಹಾಕಿತು ಅಂತ ಅಷ್ಟೇ ಅರ್ಥ. ಅದರಿಂದ ಏನೂ ತಿಳಿಯುವುದಿಲ್ಲ, ಆದರೂ ಜನ ಅದನ್ನೇ ಗೂಗಲ್ ಮಾಡುತ್ತಾರೆ. ನೋಡಬೇಕಾದ್ದು 'ಫಾಲ್ಟಿಂಗ್ ಮಾಡ್ಯೂಲ್ ನೇಮ್'. ಅಲ್ಲಿ ಯಾವುದೋ ಎಎಸ್ಐ ಫೈಲಿನ ಹೆಸರಿದ್ದರೆ ಆ ಮಾಡ್ (ಆಟವನ್ನು ಬದಲಿಸಲು ಹೊರಗಿನಿಂದ ಸೇರಿಸಿದ ಫೈಲ್) ತೆಗೆಯಿರಿ. ಗ್ರಾಫಿಕ್ಸ್ ಡ್ರೈವರ್ ಹೆಸರಿದ್ದರೆ ಡ್ರೈವರ್ ಬದಲಿಸಿ, ಆಟದ ಪರದೆಯ ಮೇಲೆ ಕಾಣುವ ರೆಕಾರ್ಡಿಂಗ್ ಓವರ್‌ಲೇಗಳನ್ನು ಆಫ್ ಮಾಡಿ ನೋಡಿ. ಆಟದ ಎಕ್ಸ್‌ಇ ಹೆಸರೇ ಇದ್ದರೂ ಮಾಡ್‌ಗಳು ನಿರ್ದೋಷಿ ಅಂತ ತಿಳಿಯಬೇಡಿ. ಎಲ್ಲ ಮಾಡ್ ತೆಗೆದು ಒಂದೊಂದಾಗಿ ವಾಪಸ್ ಹಾಕುವುದೇ ದಾರಿ. ಬೇಜಾರಿನ ಕೆಲಸ ನಿಜ.

ಆಟದ ಸೆಟ್ಟಿಂಗ್ಸ್ ಒಳಗಿನ ಫ್ರೇಮ್ ಲಿಮಿಟರ್ (ಸೆಕೆಂಡಿಗೆ ಎಷ್ಟು ಚಿತ್ರ ಮೂಡಬೇಕು ಅನ್ನುವ ಮಿತಿ) ಆನ್ ಇರಲಿ. ಫ್ರೇಮ್ ಜಾಸ್ತಿಯಾದರೆ ಆಟದ ಲೆಕ್ಕಾಚಾರ ತಪ್ಪುತ್ತದೆ, ಆಟದ ನಾಯಕ ಸಿಜೆ ನೀರಿನಲ್ಲಿ ಈಜಲಾರದೆ ಒದ್ದಾಡುತ್ತಾನೆ. ಆಟವನ್ನು ಪ್ರೋಗ್ರಾಂ ಫೈಲ್ಸ್‌ನಲ್ಲಿ ಹಾಕಿದ್ದರೆ ಬೇರೆ ಫೋಲ್ಡರ್‌ಗೆ ಹಾಕಿಕೊಳ್ಳಿ, ಅನುಮತಿಯ ತಾಪತ್ರಯ ತಪ್ಪುತ್ತದೆ. ಮತ್ತೆ 'ಡಿಎಲ್ಎಲ್ ಮಿಸ್ಸಿಂಗ್' (ಆಟಕ್ಕೆ ಬೇಕಾದ ಸಹಾಯಕ ಫೈಲ್ ಇಲ್ಲ) ಅಂತ ಬಂದರೆ ಸಿಕ್ಕ ಸಿಕ್ಕ ಸೈಟ್‌ನಿಂದ ಒಂಟಿ ಡಿಎಲ್ಎಲ್ ಇಳಿಸಬೇಡಿ. ಮೈಕ್ರೋಸಾಫ್ಟ್‌ನ 2010ರ ಜೂನ್ ಡೈರೆಕ್ಟ್‌ಎಕ್ಸ್ ಪ್ಯಾಕೇಜ್ ಸುಮ್ನೆ ಒಮ್ಮೆ ಹಾಕಿ ನೋಡಿ.

ಇಷ್ಟಾದ ಮೇಲೂ ಬಿದ್ದರೆ ಆ ಮಾಡ್ಯೂಲ್ ಹೆಸರು, ಆಟದ ಆವೃತ್ತಿ, ಹಾಕಿರುವ ಮಾಡ್‌ಗಳ ಪಟ್ಟಿ ಇಲ್ಲಿ ಬರೆಯಿರಿ. ಅವು ಮೂರೂ ಇದ್ದರೆ ನೋಡಿ ಹೇಳುತ್ತೇನೆ.