ಅಲರ್ಜಿ ಮಾತ್ರೆಗೆ ತಿಂಗಳು ತಿಂಗಳು ದುಡ್ಡು ಸುರಿಯುವುದು ತಪ್ಪಿಸಬಹುದಾ?

ಕೆಲಸಕ್ಕೆಂದು ಚಿಕ್ಕಮಗಳೂರಿಗೆ ಬಂದ ಮೇಲೆ ಬೆಳಗ್ಗೆ ಎದ್ದರೆ ಸಾಲು ಸೀನು, ಮೂಗು ಸೋರುವುದು, ಕಣ್ಣು ತುರಿಕೆ ಎಂದು ಬರೆದಿದ್ದೀರಿ. ಚೀಟಿ ಇಲ್ಲದೆ ಮೆಡಿಕಲ್‌ನಲ್ಲಿ ಕೊಡುವ ಮಾತ್ರೆಗಳಿಗೇ ಸಿಕ್ಕಾಪಟ್ಟೆ ಖರ್ಚಾಗುತ್ತಿದೆ, ಕಡಿಮೆ ಮಾಡುವ ದಾರಿ ಇದೆಯಾ ಎಂದು ಕೇಳಿದ್ದೀರಿ. ಖಂಡಿತ ಇದೆ. ನಾನು ಡಾಕ್ಟರ್ ಅಲ್ಲ. ಇದೇ ಊರಿನವಳು, ಚಿಕ್ಕಂದಿನಿಂದ ಈ ಸೀನಿನ ಜೊತೆಗೇ ಬದುಕುತ್ತಿರುವವಳು.

ಮೊದಲು ಸ್ಟ್ರಿಪ್ಪನ್ನು ತಿರುಗಿಸಿ, ಹಿಂದಿರುವ ಸಣ್ಣ ಅಕ್ಷರ ಓದಿ. ದೊಡ್ಡದಾಗಿ ಇರುವುದು ಕಂಪನಿ ಇಟ್ಟ ಹೆಸರು. ಸಣ್ಣದಾಗಿ ಇರುವುದೇ ನಿಜವಾದ ಔಷಧಿ. ಸೆಟಿರಿಜಿನ್ 10 ಎಂಜಿ ಎಂದಿದ್ದರೆ ಅದು ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿ ಇರುವ ಮಾತ್ರೆ. ಅದಕ್ಕೆ ಸರ್ಕಾರ ಗರಿಷ್ಠ ಬೆಲೆ ನಿಗದಿ ಮಾಡಿದೆ. ಹಾಗಾಗಿ ಹೆಸರುವಾಸಿ ಬ್ರ್ಯಾಂಡ್ ಆದರೂ ಒಂದು ಮಾತ್ರೆಗೆ ಎರಡು ರೂಪಾಯಿ ಆಸುಪಾಸು, ಅಷ್ಟೆ. ಲೀವೋಸೆಟಿರಿಜಿನ್ 5 ಎಂಜಿ ಎಂದಿದ್ದರೆ, ಅದು ಸೆಟಿರಿಜಿನ್‌ನಲ್ಲಿ ಕೆಲಸ ಮಾಡುವ ಭಾಗವನ್ನು ಮಾತ್ರ ಬೇರೆ ತೆಗೆದು ಮಾಡಿದ್ದು. 10 ಎಂಜಿ ಸೆಟಿರಿಜಿನ್ ಮಾಡುವ ಕೆಲಸವನ್ನೇ ಹೆಚ್ಚುಕಡಿಮೆ ಇದೂ ಮಾಡುತ್ತದೆ. ಹೊಸದು, ಒಳ್ಳೆಯದು ಎಂದು ಹೇಳಿ ಕೊಟ್ಟರೆ ಅದಕ್ಕಾಗಿ ಜಾಸ್ತಿ ದುಡ್ಡು ಕೊಡಬೇಕಾಗಿಲ್ಲ.

ಇದೇ ಮಾತ್ರೆ ಜನೌಷಧಿ ಕೇಂದ್ರದಲ್ಲಿ ಇನ್ನೂ ಅಗ್ಗ. ಹತ್ತು ಸೆಟಿರಿಜಿನ್ ಇರುವ ಸ್ಟ್ರಿಪ್ಪಿಗೆ 10 ರೂಪಾಯಿಯೂ ಆಗುವುದಿಲ್ಲ. ಅಷ್ಟಾಗಿ ತೂಕಡಿಕೆ ತರಿಸದ ಅಲರ್ಜಿ ಮಾತ್ರೆ ಫೆಕ್ಸೊಫೆನಡಿನ್ ವಿಷಯದಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ಹೆಸರುವಾಸಿ ಬ್ರ್ಯಾಂಡಿನದ್ದು ಒಂದಕ್ಕೇ 20 ರೂಪಾಯಿ ಆಸುಪಾಸು ಬೀಳುತ್ತದೆ. ‘ಜನೌಷಧಿ ಸುಗಮ್’ ಆ್ಯಪ್‌ನಲ್ಲಿ ಔಷಧಿಯ ಹೆಸರು ಹಾಕಿದರೆ ಬೆಲೆ ಕಾಣುತ್ತದೆ, ಹತ್ತಿರದ ಕೇಂದ್ರ ಎಲ್ಲಿದೆ ಅನ್ನುವುದೂ ಗೊತ್ತಾಗುತ್ತದೆ. ಒಮ್ಮೊಮ್ಮೆ ಸ್ಟಾಕ್ ಇರುವುದಿಲ್ಲ, ಅದಕ್ಕೇ ಸ್ಟ್ರಿಪ್ ಮುಗಿಯುವ ಮುಂಚೆಯೇ ಹೋಗಿ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಸಾಮಾನ್ಯ ಮೆಡಿಕಲ್‌ನಲ್ಲಿ ‘ಜನರಿಕ್ ಕೊಡಿ’, ಅಂದರೆ ಹೆಸರುವಾಸಿ ಬ್ರ್ಯಾಂಡ್ ಅಲ್ಲದ ಅದೇ ಔಷಧಿ ಕೊಡಿ, ಎಂದು ಕೇಳಿದರೆ ಅಗ್ಗ ಸಿಕ್ಕೇ ಸಿಗುತ್ತದೆ ಅಂದುಕೊಳ್ಳಬೇಡಿ. ಅಂಗಡಿಗೆ ತೀರಾ ಕಡಿಮೆಗೆ ಬರುವ ಎಷ್ಟೋ ಜನರಿಕ್ ಮಾತ್ರೆಗಳ ಮೇಲೆ ಎಂಆರ್‌ಪಿ ಮಾತ್ರ ಬ್ರ್ಯಾಂಡಿನಷ್ಟೇ ಅಚ್ಚಾಗಿರುತ್ತದೆ. ಉಳಿದದ್ದು ಅಂಗಡಿಯವರ ಲಾಭ. ‘ಎಂಆರ್‌ಪಿ ಬಿಡಿ, ನಿಮ್ಮ ರೇಟ್ ಎಷ್ಟು ಹೇಳಿ’ ಎಂದು ನೇರವಾಗಿ ಕೇಳಿ. ಸಂಕೋಚ ಬೇಡ. ಬಿಲ್ ಕೂಡ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಔಷಧಿಗಳ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ, ಅದು ಬಿಲ್ಲಿನಲ್ಲಿ ಕಾಣಬೇಕು.

ನಿಮ್ಮ ಖರ್ಚು ನೋಡಿದರೆ ನನಗೆ ಅನುಮಾನ ಇರುವುದು ‘ಎಲ್‌ಸಿ’ ಎಂದು ಕೊನೆಯಾಗುವ ಮಾತ್ರೆಗಳ ಮೇಲೆ. ಅದರಲ್ಲಿ ಲೀವೋಸೆಟಿರಿಜಿನ್ ಜೊತೆ ಮಾಂಟೆಲುಕಾಸ್ಟ್ ಸೇರಿರುತ್ತದೆ. ಯಾವಾಗಲೋ ಡಾಕ್ಟರ್ ಹತ್ತು ದಿನಕ್ಕೆ ಬರೆದುಕೊಟ್ಟ ಚೀಟಿಯನ್ನೇ ವರ್ಷಗಟ್ಟಲೆ ತೋರಿಸಿ ನುಂಗುತ್ತಿರುವವರನ್ನು ನಮ್ಮ ಓಣಿಯಲ್ಲೇ ಕಾಣುತ್ತೇನೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ದುಡ್ಡಿನ ಮಾತು ಹಾಗಿರಲಿ. ಮಾಂಟೆಲುಕಾಸ್ಟ್‌ನಿಂದ ಕೆಲವರಿಗೆ ನಿದ್ದೆ ಕೆಡುವುದು, ಮನಸ್ಸು ಕುಗ್ಗುವುದು, ಸಿಡುಕು ಆಗಬಹುದು ಎಂದು 2020ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಅತಿ ಗಟ್ಟಿ ಎಚ್ಚರಿಕೆ ಕೊಟ್ಟಿದೆ. ಬರೀ ಮೂಗಿನ ಅಲರ್ಜಿಗಾದರೆ ಬೇರೆ ಔಷಧಿ ಕೆಲಸ ಮಾಡದಿದ್ದಾಗ ಮಾತ್ರ ಕೊಡಿ ಎಂದೂ ಹೇಳಿದೆ. ಉಬ್ಬಸಕ್ಕೆಂದು ಕೊಟ್ಟಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. ‘ಇದು ನನಗೆ ಇನ್ನೂ ಬೇಕಾ?’ ಎಂದು ಡಾಕ್ಟರನ್ನು ಒಮ್ಮೆ ಕೇಳಿ.

ಅಲರ್ಜಿ ಮಾತ್ರೆ ತೆಗೆದುಕೊಂಡ ದಿನವೇ ಶೀತದ ಮಾತ್ರೆಯನ್ನೂ ನುಂಗಬೇಡಿ. ಶೀತದ ಮಾತ್ರೆಯಲ್ಲೂ ಅಲರ್ಜಿ ಔಷಧಿ ಇರುತ್ತದೆ. ದುಡ್ಡೂ ಎರಡು ಪಟ್ಟು, ತೂಕಡಿಕೆಯೂ ಎರಡು ಪಟ್ಟು. ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಬೈಕ್ ಓಡಿಸುವವರಿಗೆ ಇದು ಸಣ್ಣ ವಿಷಯ ಅಲ್ಲ. ಫೆಕ್ಸೊಫೆನಡಿನ್ ತೆಗೆದುಕೊಂಡರೆ ನೀರಿನ ಜೊತೆಗೇ ನುಂಗಿ. ಕಿತ್ತಳೆ, ಸೇಬಿನ ಜ್ಯೂಸ್ ಜೊತೆ ನುಂಗಿದರೆ ಅದು ಮೈಗೆ ಸರಿಯಾಗಿ ಸೇರುವುದಿಲ್ಲ, ಕೊಟ್ಟ ದುಡ್ಡು ಸುಮ್ನೆ ಹೋಗುತ್ತದೆ.

ಮೂಗು ಕಟ್ಟುವುದೇ ನಿಮ್ಮ ಮುಖ್ಯ ತೊಂದರೆಯಾದರೆ ಮಾತ್ರೆಗಿಂತ ಫ್ಲೂಟಿಕಾಸೋನ್ ಅಥವಾ ಮೊಮೆಟಾಸೋನ್ ಸ್ಪ್ರೇ ಚೆನ್ನಾಗಿ ಕೆಲಸ ಮಾಡುತ್ತದೆ. ಬಾಟಲಿಯ ಬೆಲೆ ನೋಡಿ ಗಾಬರಿಯಾಗುತ್ತದೆ, ನಿಜ. ಆದರೆ ಒಂದರಲ್ಲಿ ನೂರರ ಆಸುಪಾಸು ಪಫ್ ಇರುತ್ತದೆ. ಹಿಡಿತಕ್ಕೆ ಬಂದ ಮೇಲೆ ಡಾಕ್ಟರ್ ಪಫ್ ಕಡಿಮೆ ಮಾಡುತ್ತಾರೆ, ಆಗ ಅದೇ ಬಾಟಲಿ ಎರಡು ಪಟ್ಟು ದಿನ ಬರುತ್ತದೆ. ಮೊದಲ ಸಲ ಡಾಕ್ಟರಿಗೆ ತೋರಿಸಿಯೇ ಶುರು ಮಾಡಿ. ತಲೆ ಸ್ವಲ್ಪ ಬಗ್ಗಿಸಿ, ಸ್ಪ್ರೇ ತುದಿಯನ್ನು ಆಯಾ ಕಡೆಯ ಕಿವಿಯತ್ತ ತಿರುಗಿಸಿ ಹೊಡೆಯಬೇಕು. ತಲೆ ಮೇಲೆತ್ತಿ ಹೊಡೆದರೆ ಅರ್ಧ ಗಂಟಲಿಗೇ ಇಳಿಯುತ್ತದೆ. ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು. ಹಾಗಾಗಿ ನಿಮಗೆ ಯಾವ ಕಾಲ ಆಗುವುದಿಲ್ಲವೋ ಅದಕ್ಕಿಂತ ಮುಂಚೆಯೇ ಶುರು ಮಾಡಬೇಕು. ನನಗೆ ಹೂಮಳೆ ಬಿದ್ದು ಕಾಫಿ ಅರಳುವ ಹೊತ್ತಿಗೆ ಜಾಸ್ತಿ. ಕಡೂರು, ಅರಸೀಕೆರೆ ಕಡೆಯ ನೆಂಟರಿಗೆ ಪಾರ್ಥೇನಿಯಂ ಹೂ ಬಿಟ್ಟಾಗ. ಮೂಗನ್ನು ತಕ್ಷಣ ಬಿಡಿಸುವ ಜೈಲೋಮೆಟಾಜೊಲಿನ್ ಡ್ರಾಪ್ಸ್ ಬೇರೆಯೇ. ಅದನ್ನು ಮೂರರಿಂದ ಐದು ದಿನಕ್ಕಿಂತ ಹೆಚ್ಚು ಹಾಕಿದರೆ ಮೂಗು ಇನ್ನೂ ಜಾಸ್ತಿ ಕಟ್ಟುತ್ತದೆ, ಮತ್ತೆ ಅದನ್ನೇ ಕೊಳ್ಳುತ್ತಾ ಇರಬೇಕಾಗುತ್ತದೆ.

ಕಾಸು ಖರ್ಚಿಲ್ಲದ ಕೆಲಸವೂ ಇದೆ. ಚೆನ್ನಾಗಿ ಕುದಿಸಿ ಆರಿಸಿದ ಒಂದು ದೊಡ್ಡ ಲೋಟ ನೀರಿಗೆ ಅರ್ಧ ಟೀ ಚಮಚ ಉಪ್ಪು, ಚಿಟಿಕೆ ಅಡುಗೆ ಸೋಡಾ ಹಾಕಿ ಮೂಗು ತೊಳೆದುಕೊಳ್ಳಿ. ನಲ್ಲಿ ನೀರನ್ನು ಹಾಗೇ ಬಳಸಬೇಡಿ. ಮಳೆಗಾಲದಲ್ಲಿ ನಮ್ಮ ಕಡೆ ಗೋಡೆ, ಹಾಸಿಗೆ ಎಲ್ಲಾ ಬೂಷ್ಟು ಹಿಡಿಯುತ್ತದೆ ಅಲ್ವಾ, ಅದೂ ಕಾರಣ ಇರಬಹುದು. ದಿಂಬಿನ ಕವರ್, ಹೊದಿಕೆಗಳನ್ನು ಹಂಡೆಯ ಬಿಸಿನೀರಿನಲ್ಲೇ ಒಗೆಯಿರಿ. 60 ಡಿಗ್ರಿ ಬಿಸಿಗೆ ಧೂಳಿನ ಹುಳ ಸಾಯುತ್ತದೆ.

ಎದೆಯಲ್ಲಿ ಸುಯ್ ಸದ್ದು ಬಂದರೆ, ಒಂದೇ ಹೊಳ್ಳೆ ಸದಾ ಕಟ್ಟಿದ್ದರೆ, ಕಿಡ್ನಿ ತೊಂದರೆ ಇದ್ದರೆ, ಬಸುರಿಯಾಗಿದ್ದರೆ ಇಲ್ಲಿ ಹೇಳಿದ ಯಾವುದನ್ನೂ ನೀವಾಗಿ ಶುರು ಮಾಡಬೇಡಿ. ಜಿಲ್ಲಾ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಬೆಳಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ. ಈಗ ನುಂಗುತ್ತಿರುವ ಸ್ಟ್ರಿಪ್ಪುಗಳನ್ನೆಲ್ಲಾ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ, ಅವರೇ ನೋಡಿ ಯಾವುದು ಬೇಡ ಎಂದು ಹೇಳುತ್ತಾರೆ.